ತುಲೂಸಿನ ಬೋದಿಗೆಗಳು

ದಕ್ಷಿಣ ಫ್ರಾನ್ಸಿನ ತುಲೂಸ್ ನಗರದ ನಡುವೆ, ಹದಿನಾಲ್ಕನೆಯ ಶತಮಾನದಲ್ಲಿ ಅಗಸ್ಟಿನ್ ಪಂಥದ ಸನ್ಯಾಸಿಗಳು ಕೆಂಪು ಇಟ್ಟಿಗೆಯಿಂದ ಕಟ್ಟತೊಡಗಿದ ಮಠವೊಂದು, ಮಹಾಕ್ರಾಂತಿಯ ಕಾಲದಲ್ಲಿ ತನ್ನ ನಿವಾಸಿಗಳನ್ನು ಕಳೆದುಕೊಂಡು ರಾಷ್ಟ್ರದ ಸ್ವತ್ತಾಗಿ, 1795ರಲ್ಲಿ ಕಲಾಸಂಗ್ರಹಾಲಯವೆಂಬ ಹೊಸ ಜನ್ಮವನ್ನು ತಳೆಯಿತು. ದೆಲಾಕ್ರ್ವಾ 1845ರಲ್ಲಿ ಚಿತ್ರಿಸಿದ ಮೊರಾಕ್ಕೋ ಸುಲ್ತಾನನಂತಹ ಮಹಾಪಟಗಳು ಇಲ್ಲಿರುವುವಾದರೂ, ಈ ಮನೆಯ ಪ್ರಾಣವಿರುವುದು ಶಿಲ್ಪದಲ್ಲಿಯೇ ಎಂದು ನಾನು ನಿಸ್ಸಂಕೋಚವಾಗಿ ಹೇಳುವೆನು.

ಆ ಶಿಲ್ಪಗಳು ಇಲ್ಲಿಗೆ ಬಂದ ಬಗೆ ದುಃಖಕರವಾದುದು. ಸ್ಯಾಂತ್ ಎತಿಯೆನ್, ಸ್ಯಾಂ ಸೆರ್ನ್ಯಾಂ, ಲಾ ದೊರಾದ್ ಎಂಬ ಮೂರು ಧರ್ಮಸ್ಥಾನಗಳ ಕೈಸಾಲೆಗಳನ್ನು, ಶತಮಾನಗಳ ಜಪಕ್ಕೂ ಮೌನಕ್ಕೂ ಆಶ್ರಯವಾಗಿದ್ದ ಆ ಕಮಾನುಸಾಲುಗಳನ್ನು, ಕ್ರಾಂತಿಯ ತರುವಾಯ ಕೆಡವಿಹಾಕಿದಾಗ, ಅಲೆಕ್ಸಾಂದ್ರ್ ದ್ಯು ಮೇಜ್ ಮೊದಲಾದ ಪುರಾತತ್ತ್ವಪ್ರಿಯರು ಕಂಬಗಳ ನೆತ್ತಿಯ ಬೋದಿಗೆಗಳನ್ನು ಉಳಿಸಿ ಇಲ್ಲಿಗೆ ತಂದರು. ಕೊರ್ದೆಲಿಯೆ ಚರ್ಚಿನ ಸೂರಿನಿಂದ ಮಳೆನೀರನ್ನು ಉಗುಳುತ್ತಿದ್ದ ಕಲ್ಲಿನ ಮೃಗಗಳೂ ಹೀಗೆಯೇ ಬಂದು, ಕೈಸಾಲೆಯ ಉದ್ದಕ್ಕೂ ಬಾಯ್ದೆರೆದು ಸಾಲಾಗಿ ಕುಳಿತಿವೆ. ಹದಿನೈದನೆಯ ಶತಮಾನದ ‘ನೋತ್ರ್ ದಾಮ್ ದ ಗ್ರಾಸ್’ ವಿಗ್ರಹದಲ್ಲಿ ತಾಯಿ ಒಂದು ಕಡೆಗೂ ಮಗು ಮತ್ತೊಂದು ಕಡೆಗೂ ನೋಡುತ್ತಿರುವ ಪರಿಯು ಮನಸ್ಸನ್ನು ಬಹುಕಾಲ ಕಾಡುವುದು.

ಆದರೂ ನನಗೆ ಪರಮಪ್ರಿಯವಾದುದು ಸ್ಯಾಂತ್ ಎತಿಯೆನ್‌ನಿಂದ ಬಂದ, ಹನ್ನೆರಡನೆಯ ಶತಮಾನದ ಪೂರ್ವಾರ್ಧದ ಒಂದು ಬೋದಿಗೆ. ಸ್ನಾನಿಕ ಯೋಹಾನನ ಮರಣಕಥೆಯನ್ನು ಹೇಳಹೊರಟ ಶಿಲ್ಪಿಯು, ಹೆರೋದ ದೊರೆಯು, ಆ ಸಂತನ ತಲೆಯನ್ನು ಬೇಡಿದ ಸಲೋಮೆಯ ಗಲ್ಲವನ್ನು ಮುಟ್ಟಿ ಅವಳ ಮುಖವನ್ನು ನೋಡುತ್ತಿರುವಂತೆ ಕಡೆದಿರುವನು. ಗೇಣಗಲದ ಕಲ್ಲಿನಲ್ಲಿ ಬೆರಳುಗಳ ಮಾರ್ದವವೂ ಅವಳ ಉಡುಪಿನ ನವುರಾದ ನೆರಿಗೆಗಳೂ ಎಷ್ಟು ಜೀವಂತವಾಗಿ ಮೂಡಿವೆಯೆಂದರೆ, ನೋಡುವವನು ಒಂದು ಕ್ಷಣ ಕಥೆಯ ಕ್ರೌರ್ಯವನ್ನೇ ಮರೆಯುವನು. ಮಗ್ಗುಲಿಗೆ ಸರಿದೊಡನೆ ಸಂತನ ಶಿರಚ್ಛೇದವು ಕಣ್ಣಿಗೆ ಬಿದ್ದು, ಆ ಲಾಲನೆಗೆ ತೆತ್ತ ಬೆಲೆ ಏನೆಂಬುದು ಮನವರಿಕೆಯಾಗುವುದು.

2014ರಲ್ಲಿ ಹೋರ್ಹೆ ಪಾರ್ದೊ ಎಂಬ ಕಲಾವಿದನು ಈ ಬೋದಿಗೆಗಳಿಗಾಗಿ ಬಣ್ಣದ ಕಂಬಗಳನ್ನೂ ತೂಗುದೀಪಗಳನ್ನೂ ರಚಿಸಿದನು. ಆ ವರ್ಣವೈಭವದಲ್ಲಿ ಕಲ್ಲಿನ ಗಾಂಭೀರ್ಯವು ತುಸು ಮಂಕಾಗುವುದೆಂದು ನನಗನ್ನಿಸಿದರೂ, ಪ್ರತಿಯೊಂದನ್ನೂ ಸುತ್ತಿ ಬಂದು ನೋಡಲು ದೊರೆತ ಅವಕಾಶವು ಅಮೂಲ್ಯವಾದುದೆಂದು ಒಪ್ಪಲೇಬೇಕು. ತುಲೂಸಿಗೆ ಹೋಗುವ ಯೋಗವುಳ್ಳ ವಾಚಕರಲ್ಲಿ ನನ್ನ ಬಿನ್ನಹವಿಷ್ಟೆ: ಎದುರಿನಿಂದ ಕಂಡು ಮುಂದೆ ಸಾಗದಿರಿ, ಬೋದಿಗೆಯನ್ನು ಒಂದು ಸುತ್ತು ಬನ್ನಿರಿ, ಕಥೆಯ ಅರ್ಧಭಾಗ ಹಿಂಬದಿಯಲ್ಲಿರುವುದು.