ನಿತ್ಯವಸಂತದ ಅಂಗಳದಲ್ಲಿ ಒಂದು ಚಳಿಗಾಲ

ಮಿನಿಯಾಪೊಲಿಸ್‌ನ ಜನವರಿ ದಾವಣಗೆರೆಯವನ ಮೈಯನ್ನಷ್ಟೇ ಅಲ್ಲ, ಬುದ್ಧಿಯನ್ನೂ ಮರಗಟ್ಟಿಸುತ್ತದೆ. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿಳಿದ ಬೆಳಗಿನಲ್ಲಿ ಮಗಳು ನನ್ನನ್ನೂ ನನ್ನಾಕೆಯನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೋಗಿ, ಇಡೈನಾ ಎಂಬ ಉಪನಗರದ ಸೌತ್‌ಡೇಲ್ ಮಾಲಿನ ಬಾಗಿಲಲ್ಲಿ ಇಳಿಸಿ ಆಫೀಸಿಗೆ ಹೋಗುತ್ತಿದ್ದಳು. ಸಕ್ಕರೆ ಕಾಯಿಲೆಯವರಿಗೆ ನಡಿಗೆ ತಪ್ಪಬಾರದಲ್ಲ. ಅಂಗಡಿಗಳ ಶಟರ್ ಏಳುವ ಮೊದಲೇ ಅಲ್ಲಿ ಸುತ್ತು ಹಾಕುವವರ ಒಂದು ಪಡೆಯೇ ಇರುತ್ತಿತ್ತು. ವಾಕರ್‌ನ ಕಾಲಿಗೆ ಟೆನಿಸ್ ಚೆಂಡು ಸಿಕ್ಕಿಸಿಕೊಂಡ ಬಿಳಿಯ ಅಜ್ಜಂದಿರು, ಗುಂಟೂರಿನ ದಂಪತಿ, ಹಾಸನದ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು. ಹೆಂಗಸರದ್ದು ಸೀರೆಯ ಮೇಲೆ ದಪ್ಪ ಕೋಟು, ಕಾಲಿಗೆ ಸ್ಪೋರ್ಟ್ಸ್ ಶೂ. ಯಾರೂ ಏನನ್ನೂ ಕೊಳ್ಳುತ್ತಿರಲಿಲ್ಲ. ಇದಕ್ಕೆ ಅಲ್ಲಿ ‘ಮಾಲ್ ವಾಕಿಂಗ್’ ಎಂದೇ ಹೆಸರು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2015ರಲ್ಲಿ ಇದಕ್ಕೊಂದು ಕೈಪಿಡಿಯನ್ನೇ ಹೊರತಂದಿದೆ. ನಡೆಯುವುದಕ್ಕೂ ಕೈಪಿಡಿಯೇ ಎಂದು ಮೇಷ್ಟ್ರು ನಗುತ್ತಿದ್ದರು.

ನಾವು ಸುತ್ತು ಹಾಕುತ್ತಿದ್ದದ್ದು ಸಾಮಾನ್ಯ ಕಟ್ಟಡದಲ್ಲಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಪೂರ್ತಿ ಮುಚ್ಚಿದ, ಒಳಗೆ ಒಂದೇ ಹವೆ ಕಾಯ್ದುಕೊಳ್ಳುವ ಮಾಲ್ ಎಂಬ ಜಾತಿಗೇ ಸೌತ್‌ಡೇಲ್ ಮೂಲಪುರುಷ. 1956ರ ಅಕ್ಟೋಬರ್ 8ರಂದು ಬಾಗಿಲು ತೆರೆದಾಗ ಇಲ್ಲಿ 72 ಅಂಗಡಿಗಳಿದ್ದವು. ಎರಡು ತುದಿಗೆ ಡೇಟನ್ಸ್ ಮತ್ತು ಡೊನಾಲ್ಡ್‌ಸನ್ಸ್ ಎಂಬ ಎರಡು ದೊಡ್ಡ ಮಳಿಗೆಗಳು, ಹೊರಗೆ ಕಣ್ಣಿಗೆ ನಿಲುಕದಷ್ಟು ಪಾರ್ಕಿಂಗ್. ಕಟ್ಟಿಸಿದ ಖರ್ಚು 2 ಕೋಟಿ ಡಾಲರ್. ನಡುವಿನ ಚೌಕಕ್ಕೆ ಇಟ್ಟ ಹೆಸರು ‘ನಿತ್ಯವಸಂತದ ಉದ್ಯಾನ ಅಂಗಳ’. ಅದರಲ್ಲಿ ಮೀನಿನ ಕೊಳ, ಎತ್ತರದ ಹಕ್ಕಿಪಂಜರ, ಹ್ಯಾರಿ ಬರ್ಟೋಯಾ ಮಾಡಿದ ಚಿನ್ನದ ಬಣ್ಣದ ಲೋಹದ ಮರಗಳು. ಹೊರಗೆ ಹಿಮ ಬೀಳಲಿ, ಬಿಸಿಲು ಬೀಳಲಿ, ಒಳಗೆ ಸದಾ ಚೈತ್ರಮಾಸ.

ಈ ಮಾಲಿನ ವಾಸ್ತುಶಿಲ್ಪಿ ವಿಕ್ಟರ್ ಗ್ರೂಯೆನ್. 1903ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ. ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ 1938ರಲ್ಲಿ ಓಡಿಹೋಗಿ ಅಮೆರಿಕ ಸೇರಿದವನು. ಸಮಾಜವಾದಿ. ಕಾಫಿ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಗಂಟೆಗಟ್ಟಲೆ ಜಗಳವಾಡುವ ವಿಯೆನ್ನಾದ ಬೀದಿ ಅವನ ತಲೆಯೊಳಗಿತ್ತು. ಅಮೆರಿಕದ ಉಪನಗರದಲ್ಲಿ ಕಾರಿಗೆ ಜಾಗವಿತ್ತು, ಕಾಲಿಗೆ ಇರಲಿಲ್ಲ. ಮನೆಗಳಿದ್ದವು, ಊರು ಇರಲಿಲ್ಲ. ಮಾಲನ್ನು ಕಟ್ಟಿ ಅದರ ಸುತ್ತ ಮನೆ, ಶಾಲೆ, ಆಸ್ಪತ್ರೆ, ಪಾರ್ಕು, ಒಂದು ಕೆರೆ ಇವೆಲ್ಲ ಬಂದರೆ ಊರು ತಾನಾಗಿ ಹುಟ್ಟುತ್ತದೆ ಎಂಬುದು ಅವನ ಲೆಕ್ಕ. ನಕ್ಷೆಯಲ್ಲಿ ಎಲ್ಲವೂ ಇತ್ತು. ಕಟ್ಟಿದ್ದು ಮಾಲನ್ನು ಮಾತ್ರ. ಅವನು ಬಯಸಿದ ಊರು ನಕ್ಷೆಯಲ್ಲೇ ಉಳಿಯಿತು. ಮಾಲಿನಿಂದ ಸುತ್ತಲಿನ ಜಮೀನಿನ ಬೆಲೆ ಏರಿತು, ಜಮೀನು ಯಾರ್ಯಾರ ಕೈಗೋ ಹೋಯಿತು.

ಗ್ರೂಯೆನ್ ಬಗ್ಗೆ ಬರೆಯುವವರೆಲ್ಲ ಇಲ್ಲಿಗೆ ಬಂದು ಅಯ್ಯೋ ಪಾಪ ಅನ್ನುತ್ತಾರೆ. ಒಳ್ಳೆಯ ಕನಸು, ಕೆಟ್ಟ ವ್ಯಾಪಾರಿಗಳು. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಕನಸಿನಲ್ಲೇ ಹುಳುಕಿತ್ತು. ಸೌತ್‌ಡೇಲನ್ನು ಹೊರಗಿನಿಂದ ಒಮ್ಮೆ ನೋಡಿ: ಕಿಟಕಿಯಿಲ್ಲದ ಗೋಡೆ, ಬೀದಿಗೆ ಬೆನ್ನು. ಬೀದಿಯ ಸೊಗಸನ್ನೆಲ್ಲ ಒಳಗೆ ಎಳೆದುಕೊಂಡು ಬಾಗಿಲು ಹಾಕಿಕೊಂಡ ಕಟ್ಟಡ ಅದು. ಜನ ಸೇರುವುದು ಅಂಗಡಿಯ ಕೃಪೆಯಿಂದ ಎಂದು ಒಮ್ಮೆ ಒಪ್ಪಿಕೊಂಡ ಮೇಲೆ, ಅಂಗಡಿ ಮುಚ್ಚಿದ ದಿನ ಜನರೂ ಚದುರಬೇಕಾಗುತ್ತದೆ. ಒಳಗೆ ಬರುವವರು ಯಾರು ಎಂಬುದೂ ಮೊದಲೇ ತೀರ್ಮಾನವಾಗಿತ್ತು. ಇದೇ ಇಡೈನಾದಲ್ಲಿ 1920ರ ದಶಕದಲ್ಲಿ ಎದ್ದ ಕಂಟ್ರಿ ಕ್ಲಬ್ ಬಡಾವಣೆಯ ಮನೆಪತ್ರಗಳಲ್ಲಿ, ಬಿಳಿಯರಲ್ಲದವರಿಗೆ ಮಾರುವಂತಿಲ್ಲ ಎಂಬ ಷರತ್ತನ್ನು ಬರೆದೇ ಇಟ್ಟಿದ್ದರು. ಅರಳಿಕಟ್ಟೆಯನ್ನು ನೆನೆದು ಕಣ್ಣೀರಿಡುವ ನಮ್ಮವರಿಗೆ ಇದು ಅರ್ಥವಾಗಬೇಕು. ನಮ್ಮೂರ ಕಟ್ಟೆಯ ಮೇಲೂ ಎಲ್ಲರೂ ಕೂರುವಂತಿರಲಿಲ್ಲ, ಕೆಲವರು ಕೆಳಗೆ ಚಪ್ಪಲಿ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದರು.

ಹಾಗಾದರೆ ಮಾಲ್ ಊರ ಚೌಕವೋ, ಯಾರದೋ ಮನೆಯ ಹಜಾರವೋ? ಈ ಪ್ರಶ್ನೆ ಕೋರ್ಟು ಹತ್ತಿತ್ತು. ಪೋರ್ಟ್‌ಲ್ಯಾಂಡಿನ ಒಂದು ಮಾಲಿನಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ಕರಪತ್ರ ಹಂಚಿದವರಿಗೆ 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಇದು ಖಾಸಗಿ ಜಾಗ, ನಿಮಗೆ ಆ ಹಕ್ಕಿಲ್ಲ ಎಂದಿತು. ಸೌತ್‌ಡೇಲಿನಿಂದ ಕಾರಿನಲ್ಲಿ ಕಾಲು ಗಂಟೆ ದೂರದ ಬ್ಲೂಮಿಂಗ್‌ಟನ್‌ನಲ್ಲಿ 1992ರಲ್ಲಿ ಎದ್ದ ಮಾಲ್ ಆಫ್ ಅಮೆರಿಕದ ಬಗ್ಗೆಯೂ 1999ರಲ್ಲಿ ಮಿನ್ನೆಸೋಟಾದ ಸರ್ವೋಚ್ಚ ನ್ಯಾಯಾಲಯ ಇದನ್ನೇ ಹೇಳಿತು. ಆ ಮಾಲಂತೂ ವಾರಾಂತ್ಯದ ಸಂಜೆ 16 ತುಂಬದ ಮಕ್ಕಳು ದೊಡ್ಡವರ ಜೊತೆಯಿಲ್ಲದೆ ಬರಕೂಡದು ಎಂದು 1996ರಲ್ಲೇ ನಿಯಮ ಮಾಡಿತ್ತು. 2014ರ ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್ ಖರೀದಿಯ ಭರಾಟೆಯಲ್ಲಿ, ಬ್ಲ್ಯಾಕ್ ಲೈವ್ಸ್ ಮ್ಯಾಟರ್ ಚಳವಳಿಯವರು ಅದರ ನಡುಮನೆಯಲ್ಲೇ ಸೇರಿದಾಗ ಸಂಘಟಕರ ಮೇಲೆ ಕೇಸು ಬಿತ್ತು. ಮುಂದಿನ ವರ್ಷ ಅದರಲ್ಲಿ ಹೆಚ್ಚಿನವು ಬಿದ್ದುಹೋದವು. ಅಂದರೆ ಈ ಅಂಗಳದಲ್ಲಿ ನಡೆಯಬಹುದು, ನಗಬಹುದು, ಕಾರ್ಡು ಉಜ್ಜಬಹುದು. ಊರಿನ ವಿಷಯ ಎತ್ತುವ ಹಾಗಿಲ್ಲ.

ನಮಗೂ ಇದರ ಸಣ್ಣ ರುಚಿ ಸಿಕ್ಕಿತು. ಹೆಸರು ಬೇಡ, ಅದು ಬೇರೊಂದು ಮಾಲ್. ನಡಿಗೆ ಮುಗಿಸಿ ಆರೇಳು ಮಂದಿ ಒಂದು ಸೋಫಾದಲ್ಲಿ ಕೂತು, ನನ್ನಾಕೆ ಡಬ್ಬಿಯಲ್ಲಿ ತಂದಿದ್ದ ನಿಪ್ಪಟ್ಟು ಮುರಿದು ಹಂಚುತ್ತಿದ್ದಳು. ಕಾವಲಿನ ಹುಡುಗ ಬಂದು ಬಹಳ ವಿನಯದಿಂದಲೇ ಹೊರಗಿನ ತಿಂಡಿ ಕೂಡದು ಎಂದ. ತುಸು ನಿಂತು, ಇನ್ನೂ ಬಹಳ ಹೊತ್ತು ಕೂರುತ್ತೀರಾ ಎಂದೂ ಕೇಳಿದ. ಮೇಷ್ಟ್ರು ಅವನಿಗೂ ಒಂದು ನಿಪ್ಪಟ್ಟು ಚಾಚಿದರು. ಅವನು ಅತ್ತಿತ್ತ ನೋಡಿ ಜೇಬಿಗೆ ಹಾಕಿಕೊಂಡ. ನಾವು ಎದ್ದೆವು.

ಈಗ ಮಾಲುಗಳು ಸಾಯುತ್ತಿವೆ. ಎಲ್ಲ ಅಮೆಜಾನ್ ಮಾಡಿದ್ದು ಅನ್ನುವುದು ಸುಲಭದ ಮಾತು. 1954ರಲ್ಲಿ ಅಮೆರಿಕ ತನ್ನ ತೆರಿಗೆ ಕಾನೂನು ಬದಲಿಸಿ, ಹೊಸ ವಾಣಿಜ್ಯ ಕಟ್ಟಡದ ಸವಕಳಿಯನ್ನು ಮೊದಲ ವರ್ಷಗಳಲ್ಲೇ ಬಹುಪಾಲು ತೋರಿಸಿ ತೆರಿಗೆ ಉಳಿಸಲು ಬಿಟ್ಟುಕೊಟ್ಟಿತು. ಗಿರಾಕಿ ಇದ್ದರೂ ಇಲ್ಲದಿದ್ದರೂ ಕಟ್ಟುವುದೇ ಲಾಭವಾಯಿತು. ದುಡ್ಡಿದ್ದವರು ಗದ್ದೆ ಕಂಡಲ್ಲೆಲ್ಲ ಮಾಲ್ ಎಬ್ಬಿಸಿದರು. ಒಂದು ಊರಿಗೆ ಬೇಕಾದ್ದು ಒಂದು ಸಂತೆಯಾದರೆ ನಾಲ್ಕು ಸಂತೆ ಕೂಡಿಸಿದ ಹಾಗೆ. ಇನ್ನೊಂದು ತಮಾಷೆಯೂ ಉಂಟು. ಸೌತ್‌ಡೇಲ್ ಕಟ್ಟಿಸಿದ ಡೇಟನ್ ಕಂಪನಿಯೇ 1962ರಲ್ಲಿ, ಇದೇ ಊರಿನ ಇನ್ನೊಂದು ಉಪನಗರ ರೋಸ್‌ವಿಲ್‌ನಲ್ಲಿ ಟಾರ್ಗೆಟ್ ಎಂಬ ಅಗ್ಗದ ಮಳಿಗೆ ತೆರೆಯಿತು. ಮಾಲಿನ ದೊಡ್ಡ ಮಳಿಗೆಗಳ ಕತ್ತು ಹಿಸುಕಿದವರಲ್ಲಿ ಟಾರ್ಗೆಟ್ ಕೂಡ ಒಂದು.

ಡೇಟನ್ ಕಂಪನಿ ಇಲ್ಲಿ ಒಟ್ಟು ನಾಲ್ಕು ‘ಡೇಲ್’ಗಳನ್ನು ಎಬ್ಬಿಸಿತು: 1956ರ ಸೌತ್‌ಡೇಲ್, 1962ರ ಬ್ರೂಕ್‌ಡೇಲ್, 1969ರ ರೋಸ್‌ಡೇಲ್, 1974ರ ರಿಡ್ಜ್‌ಡೇಲ್. ನಾಲ್ವರು ಅಕ್ಕತಂಗಿಯರಲ್ಲಿ ಸತ್ತವಳು ಬ್ರೂಕ್‌ಡೇಲ್ ಒಬ್ಬಳೇ, 2010ರಲ್ಲಿ. ಅವಳಿದ್ದ ಬ್ರೂಕ್ಲಿನ್ ಸೆಂಟರ್‌ನಲ್ಲಿ ಬಿಳಿಯರು ಹೊರಟುಹೋಗಿ ಕಪ್ಪು ಜನರು, ಲೈಬೀರಿಯಾದವರು, ಮೋಂಗ್ ಜನಾಂಗದವರು ಬಂದು ನೆಲೆಸಿದ್ದರು. ದೊಡ್ಡ ಮಳಿಗೆಗಳು ಒಂದೊಂದಾಗಿ ಗಂಟುಮೂಟೆ ಕಟ್ಟಿದವು. ಕಟ್ಟಡದ ಬಹುಪಾಲನ್ನು ಕೆಡವಿ 2012ರಲ್ಲಿ ಅಲ್ಲಿ ವಾಲ್‌ಮಾರ್ಟ್ ತಂದು ಕೂರಿಸಿದರು. ಮಾಲಿನ ಆಯಸ್ಸು ಬರೀ ವ್ಯಾಪಾರದ ಲೆಕ್ಕವಲ್ಲ. ಸುತ್ತ ಯಾರು ಮನೆ ಮಾಡಿದ್ದಾರೆ, ಅವರನ್ನು ಗಿರಾಕಿ ಎಂದು ಯಾರು ಒಪ್ಪುತ್ತಾರೆ ಎಂಬುದರ ಲೆಕ್ಕವೂ ಹೌದು.

ಸತ್ತ ಮಾಲಿಗೆ ಮರುಜನ್ಮ ಕೊಡುವುದು ಈಗ ಅಲ್ಲಿ ಒಂದು ವೃತ್ತಿಯೇ ಆಗಿದೆ. ಎಲೆನ್ ಡನ್‌ಹ್ಯಾಮ್-ಜೋನ್ಸ್ ಮತ್ತು ಜೂನ್ ವಿಲಿಯಮ್‌ಸನ್ ಬರೆದ ‘ರೆಟ್ರೋಫಿಟಿಂಗ್ ಸಬರ್ಬಿಯಾ’ ಈ ವೃತ್ತಿಯ ವೇದ. 2021ರಲ್ಲಿ ಅವರದೇ ಎರಡನೆಯ ಸಂಪುಟವೂ ಬಂತು. ಕೆಡವಿ ಪೇಟೆಯಂತೆ ಕಟ್ಟುವುದು, ಇದ್ದ ಗೋಡೆಯೊಳಗೇ ಬೇರೆ ಕೆಲಸ ತರುವುದು, ಮಣ್ಣಿಗೆ ಹಸಿರಿಗೆ ಮರಳಿಸುವುದು ಎಂದು ಮೂರು ದಾರಿ ತೋರಿಸುತ್ತಾರೆ. ಶ್ರದ್ಧೆಯ ಕೆಲಸ. ಮೂರನೆಯದಕ್ಕೆ ಅವರು ಕೊಡುವ ನಿದರ್ಶನ ಪಕ್ಕದ ಸೇಂಟ್ ಪಾಲ್‌ನದೇ: ಜೌಗು ನೆಲದ ಮೇಲೆ ಕಟ್ಟಿದ್ದ ಫೇಲನ್ ಶಾಪಿಂಗ್ ಸೆಂಟರನ್ನು ತೆಗೆದು, ಅಲ್ಲಿದ್ದ ಏಮ್ಸ್ ಕೆರೆಯನ್ನು ಮತ್ತೆ ತುಂಬಿಸಿದರು. ಬೆಂಗಳೂರಿನ ಧರ್ಮಾಂಬುಧಿ ಕೆರೆಯ ಮೇಲೆ ಬಸ್ ಸ್ಟ್ಯಾಂಡು ಕಟ್ಟಿಕೊಂಡ ನಾಡಿನವನು ಇದನ್ನು ಎರಡು ಸಲ ಓದಿದೆ.

ಅವರ ಎರಡನೆಯ ದಾರಿಗೆ ಸೇರುವ ಕಥೆಗಳೂ ನನಗೆ ಹಿಡಿಸಿದವು. ಟೆಕ್ಸಸ್‌ನ ಆಸ್ಟಿನ್‌ನಲ್ಲಿ 1971ರ ಹೈಲ್ಯಾಂಡ್ ಮಾಲ್ ಈಗ ಸಮುದಾಯ ಕಾಲೇಜು. ಜೆ.ಸಿ. ಪೆನ್ನಿ ಎಂಬ ದೊಡ್ಡ ಮಳಿಗೆಯಿದ್ದ ಹಾಲಿನಲ್ಲಿ ಸಾಲು ಸಾಲು ಕಂಪ್ಯೂಟರು. ವರ್ಮಾಂಟ್‌ನ ಬರ್ಲಿಂಗ್‌ಟನ್‌ನಲ್ಲಿ ಹೈಸ್ಕೂಲು ಕಟ್ಟಡದಲ್ಲಿ ವಿಷಕಾರಿ ರಾಸಾಯನಿಕ ಸಿಕ್ಕಿತೆಂದು 2021ರಲ್ಲಿ ಮಕ್ಕಳನ್ನು ಖಾಲಿ ಬಿದ್ದಿದ್ದ ಮೇಸಿಸ್ ಮಳಿಗೆಗೆ ಸಾಗಿಸಿದರು. ಮಕ್ಕಳು ಎಸ್ಕಲೇಟರ್ ಹತ್ತಿ ಗಣಿತದ ಕ್ಲಾಸಿಗೆ ಹೋಗುತ್ತಿದ್ದರು. ಓಹಾಯೋದ ರ‍್ಯಾಂಡಲ್ ಪಾರ್ಕ್ ಮಾಲ್ ಮಾತ್ರ ಎದೆಗೆ ಚುಚ್ಚುತ್ತದೆ. ಅದು 1976ರಲ್ಲಿ ತೆರೆದು 2009ರಲ್ಲಿ ಮುಚ್ಚಿತು. ಕೆಡವಿದ ಜಾಗದಲ್ಲಿ 2018ರಿಂದ ಅಮೆಜಾನ್ ಗೋದಾಮು ನಡೆಯುತ್ತಿದೆ. ಕೊಳ್ಳುವವನು ಅಲ್ಲಿಗೆ ಬರುವಂತೆಯೇ ಇಲ್ಲ, ಅವನ ಪೊಟ್ಟಣ ಮಾತ್ರ ಹೊರಡುತ್ತದೆ.

‘ರೆಟ್ರೋಫಿಟಿಂಗ್ ಸಬರ್ಬಿಯಾ’ ಪುಸ್ತಕದ ಬಗ್ಗೆ ನನ್ನ ತಕರಾರು ಒಂದೇ. ನಡೆಯಲು ಬರುವ ಬೀದಿ, ಮರ, ಬೆಂಚು, ಮೇಲೆ ಮನೆ ಕೆಳಗೆ ಅಂಗಡಿ ಇವನ್ನೆಲ್ಲ ಅದು ಚೆನ್ನಾಗಿ ಎಣಿಸುತ್ತದೆ. ಬಾಡಿಗೆ ಎಷ್ಟು, ಬೆಂಚು ಯಾರದು ಎಂಬ ಪ್ರಶ್ನೆಗೆ ಅಷ್ಟೇ ಒತ್ತು ಬೀಳುವುದಿಲ್ಲ. ಸೌತ್‌ಡೇಲಿನ ಸದ್ಯದ ಸ್ಥಿತಿಯನ್ನೇ ನೋಡಿ. ಪಾರ್ಕಿಂಗ್ ಜಾಗದಲ್ಲಿ ಅಪಾರ್ಟ್‌ಮೆಂಟು, ಹೋಟೆಲು ಎದ್ದಿವೆ. ಅರವತ್ತು ವರ್ಷ ತಡವಾಗಿ ಗ್ರೂಯೆನ್ನನ ನಕ್ಷೆ ಕೈಗೂಡಿತು ಎಂದು ಹೊಗಳುವವರಿದ್ದಾರೆ. ಪೆನ್ನಿ ಮಳಿಗೆಯಿದ್ದ ಮೂಲೆಯಲ್ಲಿ 2019ರಲ್ಲಿ ತೆರೆದದ್ದು ಲೈಫ್ ಟೈಮ್ ಎಂಬ ಭಾರೀ ಜಿಮ್. ಗಾಜಿನಾಚೆ ತಿಂಗಳ ಚಂದಾ ಕಟ್ಟಿದವರು ಯಂತ್ರದ ಮೇಲೆ ನಿಂತಲ್ಲೇ ನಡೆಯುತ್ತಾರೆ. ಈಚೆ ನಾವು ಪುಕ್ಕಟೆ ನಡೆಯುತ್ತಿದ್ದೆವು. ಒಂದೇ ಸೂರಿನಡಿಯ ಈ ಎರಡು ನಡಿಗೆಯಲ್ಲಿ ಯಾವುದು ಉಳಿಯುತ್ತದೆ ಎಂದು ಊಹಿಸಲು ವಾಸ್ತುಶಾಸ್ತ್ರ ಬೇಕಿಲ್ಲ. ಗ್ರೂಯೆನ್ ಕೂಡ ಕೊನೆಗೆ ತನ್ನ ಸಂತಾನವನ್ನು ಒಪ್ಪಿಕೊಳ್ಳಲಿಲ್ಲ. 1968ರಲ್ಲಿ ವಿಯೆನ್ನಾಕ್ಕೆ ಮರಳಿದ. 1976ರಲ್ಲಿ ಅವನ ಊರಂಚಿಗೇ ಭಾರೀ ಮಾಲ್ ಬಂದು ಕೂತಿತು. ಇವು ನನ್ನ ಮಕ್ಕಳಲ್ಲ, ಜೀವನಾಂಶ ಕೊಡಲಾರೆ ಎಂಬರ್ಥದಲ್ಲಿ ಗುಡುಗಿ, 1980ರಲ್ಲಿ ತೀರಿಕೊಂಡ.

ನಾನು ಆ ಊರಿನಲ್ಲಿ ಕಂಡ, ಸಮುದಾಯ ಎಂಬ ಮಾತಿಗೆ ತಕ್ಕ ಜಾಗಗಳು ಪ್ರಶಸ್ತಿ ಗೆಲ್ಲುವಂಥವಲ್ಲ. ದಕ್ಷಿಣ ಮಿನಿಯಾಪೊಲಿಸ್‌ನ ಕಾರ್ಮೆಲ್ ಮಾಲ್ ಅಂಥದ್ದು. ಯುದ್ಧದಿಂದ ಓಡಿಬಂದ ಸೋಮಾಲಿಯಾದವರು ಕಟ್ಟಿಕೊಂಡ ಲೋಕ. ಕಿರಿದಾದ ಓಣಿ, ಎರಡೂ ಕಡೆ ಗೂಡಿನಷ್ಟು ಅಂಗಡಿ. ಮದರಂಗಿ, ಬಂಗಾರ, ಹೊಲಿಗೆ ಯಂತ್ರದ ಸದ್ದು, ಊರಿಗೆ ದುಡ್ಡು ಕಳಿಸುವ ಕಿಟಕಿ, ಏಲಕ್ಕಿ ಹಾಕಿದ ಚಹಾ, ಒಳಗೇ ಮಸೀದಿ. ಕಾರು ನಿಲ್ಲಿಸುವ ಜಾಗದಲ್ಲಿ ನಿತ್ಯ ಜಗಳ. ಸೇಂಟ್ ಪಾಲ್‌ನಲ್ಲಿ ಮೋಂಗ್ ಜನ ಹಳೆಯ ಮರದ ಅಡ್ಡೆಯೊಂದನ್ನು 2004ರಲ್ಲಿ ಸಂತೆಯಾಗಿಸಿದರು. 2022ರಲ್ಲಿ ಈಡನ್ ಪ್ರೇರಿ ಎಂಬ ಉಪನಗರದಲ್ಲಿ, ಬೇಟೆ ಸಾಮಾನು ಮಾರುತ್ತಿದ್ದ ಅಂಗಡಿ ಮುಚ್ಚಿದಲ್ಲಿ ಏಷ್ಯಾ ಮಾಲ್ ಬಂತು. ಹೊಸ ಉದ್ಯಮಕ್ಕೆ ಹಳೆಯ ಕಟ್ಟಡ ಬೇಕು ಎಂದು ನಗರಗಳ ಬಗ್ಗೆ ಬರೆದ ಜೇನ್ ಜೇಕಬ್ಸ್ 1961ರಲ್ಲೇ ವಾದಿಸಿದ್ದಳು. ದೊಡ್ಡ ಅಂಗಡಿ ಕುಸಿದಾಗ ಬಾಡಿಗೆ ಕುಸಿಯುತ್ತದೆ. ಬಾಡಿಗೆ ಕುಸಿದ ಆ ಸಣ್ಣ ಸಂದಿನಲ್ಲಿ, ಇಷ್ಟು ದಿನ ಬಾಗಿಲಾಚೆ ನಿಂತಿದ್ದವರು ಒಳಗೆ ಬರುತ್ತಾರೆ. ಪೇಟೆಯ ಸಾವಿನಿಂದ ಆಗುವ ಪುಣ್ಯ ಏನಾದರೂ ಇದ್ದರೆ ಇದೊಂದೇ. ಪುರಸಭೆಗಳು ಆ ಸಂದನ್ನು ಆತುರಾತುರವಾಗಿ ಐಷಾರಾಮಿ ಅಪಾರ್ಟ್‌ಮೆಂಟಿನಿಂದ ಮುಚ್ಚಿಬಿಡುವುದನ್ನು ಪುನರುಜ್ಜೀವನ ಎಂದು ಕರೆಯಲು ನನಗೆ ಮನಸ್ಸಿಲ್ಲ. ಕಾರ್ಮೆಲ್‌ಗೂ ಒಬ್ಬ ಮಾಲೀಕನಿದ್ದಾನೆ, ನಾಳೆ ಅಲ್ಲೂ ಬಾಡಿಗೆ ಏರಬಹುದು, ಅದು ಗೊತ್ತಿರುವ ಮಾತೇ.

ಹೊರಡುವ ಹಿಂದಿನ ವಾರ ಮಗಳು ನಮ್ಮನ್ನು ಹೆದ್ದಾರಿ ಪಕ್ಕದ ಒಂದು ಅಂಗಡಿ ಸಾಲಿಗೆ ಕರೆದೊಯ್ದಳು. ವಿಡಿಯೋ ಬಾಡಿಗೆಗೆ ಕೊಡುತ್ತಿದ್ದ ಮಳಿಗೆ ಮುಚ್ಚಿ ಅಲ್ಲೊಂದು ಇಂಡಿಯನ್ ದಿನಸಿ ಅಂಗಡಿ ಆಗಿದೆ. ಹಳೆಯ ಬೋರ್ಡಿನ ಗುರುತು ಗೋಡೆಯಿಂದ ಇನ್ನೂ ಹೋಗಿಲ್ಲ. ಬಾಗಿಲ ಬಳಿ ಅಂಟಿಸಿದ ಚೀಟಿಗಳು: ಭರತನಾಟ್ಯ ಕ್ಲಾಸು, ಸಂಕ್ರಾಂತಿಗೆ ಕನ್ನಡ ಕೂಟದ ಊಟ, ಬಾಡಿಗೆಗೆ ರೂಮು. ಮಗಳು ಕರಿಬೇವು ಆರಿಸುತ್ತಿದ್ದಳು. ನಾನು ಕೈಯಲ್ಲಿ ಏನೂ ಇಲ್ಲದೆ ಅಕ್ಕಿ ಮೂಟೆಗಳ ಹತ್ತಿರ ನಿಂತಿದ್ದೆ. ಸೋನಾ ಮಸೂರಿಯ ಮೂಟೆ ಮೇಲೆ ಟೊಪ್ಪಿ ಹಾಕಿಕೊಂಡು ಕೂತಿದ್ದ ಹಿರಿಯರೊಬ್ಬರು ನನ್ನನ್ನೇ ನೋಡುತ್ತಿದ್ದವರು, ‘ಯಾವೂರಾಯ್ತು ತಮ್ಮದು?’ ಎಂದರು. ದಾವಣಗೆರೆ ಎಂದೆ. ಒಂಚೂರು ಅತ್ತ ಸರಿದು ಮೂಟೆಯ ಮೇಲೆ ಜಾಗ ಮಾಡಿದರು.