'ಜನಾಂಗ'ವೆಂಬ ಶಬ್ದವೂ ರಿಸ್ಲೀಯ ವಿಭಾಗಕ್ರಮವೂ

ಮಾನವ ಭೂಗೋಳಶಾಸ್ತ್ರದಲ್ಲಿ 'ಜನಾಂಗ'ವೆಂಬ ಶಬ್ದವಿಲ್ಲದೆ ಚರ್ಚೆ ಸಾಗದು. ಕನ್ನಡದಲ್ಲಾದರೋ ಈ ಒಂದೇ ಶಬ್ದವು ದೇಹಲಕ್ಷಣಗಳಿಂದ ಬೇರ್ಪಡಿಸಿದ ವರ್ಗಕ್ಕೂ, ಭಾಷೆ ಆಚಾರಗಳಿಂದ ತಾವು ಒಂದೆಂದು ತಿಳಿದ ಸಮುದಾಯಕ್ಕೂ, ಜಾತಿಗೂ ಸಲ್ಲುತ್ತದೆ. ಶಬ್ದವು ಒಂದಾದುದರಿಂದ ವಸ್ತುವೂ ಒಂದೆಂಬ ಭ್ರಾಂತಿಯು ಹುಟ್ಟುತ್ತದೆ. ಈ ಭ್ರಾಂತಿಗೆ ಶಾಸ್ತ್ರದ ವೇಷವನ್ನು ತೊಡಿಸಿದ ಗ್ರಂಥಗಳಲ್ಲಿ ಹರ್ಬರ್ಟ್ ರಿಸ್ಲೀಯ 'ದಿ ಪೀಪಲ್ ಆಫ್ ಇಂಡಿಯಾ' (1908) ಮುಖ್ಯವಾದುದು.

1901ನೆಯ ಜನಗಣತಿಯ ಕಮಿಷನರನಾಗಿದ್ದ ರಿಸ್ಲೀಯು ಮೂಗು, ತಲೆ ಮೊದಲಾದವುಗಳ ಅಳತೆಗಳನ್ನು ಆಧರಿಸಿ ಭಾರತೀಯರನ್ನು ಏಳು ವರ್ಗಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಪ್ರದೇಶವನ್ನು ಗೊತ್ತುಮಾಡಿದನು. ಅವುಗಳಲ್ಲಿ ಒಂದರ ಹೆಸರು 'ದ್ರಾವಿಡ'. 1856ರಲ್ಲಿ ಕಾಲ್ಡ್‌ವೆಲ್ಲನು ದಕ್ಷಿಣದ ಭಾಷಾಕುಟುಂಬಕ್ಕೆ ಬಳಸಿದ ಹೆಸರು ಇಲ್ಲಿ ದೇಹಕ್ಕೆ ಅಂಟಿಕೊಂಡಿದೆ. ಭಾಷೆಯನ್ನು ಕಲಿಯಬಹುದು, ಮರೆಯಲೂಬಹುದು. ಮೂಗನ್ನು ಹಾಗೆ ಬದಲಿಸಲಾಗದು. ಕೊಡವರ ವಿಷಯದಲ್ಲಿ ಈ ದೋಷವು ಸ್ಪಷ್ಟವಾಗಿದೆ. ತಲೆಯ ಅಗಲವನ್ನು ಕಂಡು ಅವರನ್ನು ಮರಾಠ ಬ್ರಾಹ್ಮಣರೊಡನೆಯೂ ಕುಣಬಿಗಳೊಡನೆಯೂ 'ಸಿಥಿಯ-ದ್ರಾವಿಡ' ವರ್ಗದಲ್ಲಿ ಸೇರಿಸಲಾಗಿದೆ. ಅಳತೆಪಟ್ಟಿಯಿಂದ ಚರಿತ್ರೆಯನ್ನು ಬರೆಯಹೊರಟರೆ ಆಗುವುದು ಹೀಗೆಯೇ.

ಆದರೂ ರಿಸ್ಲೀಯ ಶ್ರಮವು ವ್ಯರ್ಥವಾಯಿತೆನ್ನಲಾಗದು. ಅವನು ಶೇಖರಿಸಿದ ಅಂಕಿಗಳೇ ಅವನ ಸಿದ್ಧಾಂತವನ್ನು ಪರೀಕ್ಷಿಸಲು ನೆರವಾದುವು. ಜಾತಿಯು ಮೇಲಾದಷ್ಟೂ ಮೂಗು ಕಿರಿದಾಗುತ್ತದೆಂಬ ಅವನ ನಿಯಮವು ಉತ್ತರ ಹಿಂದೂಸ್ಥಾನದ ಹೊರಗೆ ನಿಲ್ಲದೆಂದು ಜಿ. ಎಸ್. ಘುರ್ಯೆಯವರು 1932ರಲ್ಲಿ ತೋರಿಸಿದರು. ಮನುಷ್ಯರ ಆನುವಂಶಿಕ ವೈವಿಧ್ಯದಲ್ಲಿ ಸುಮಾರು ಶೇಕಡ 85ರಷ್ಟು ಒಂದೊಂದು ಜನಸಮೂಹದ ಒಳಗೇ ಇರುವುದೆಂದು 1972ರಲ್ಲಿ ಲೆವಾಂಟಿನ್ನನು ಲೆಕ್ಕಹಾಕಿದನು.

ಹಾಗಾದರೆ 'ಜನಾಂಗ'ವೆಂಬುದು ಬರಿಯ ಸುಳ್ಳೇ? ಅಷ್ಟು ಸುಲಭವಾಗಿ ಹೇಳತಕ್ಕದ್ದಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲಾ ಸೀಮೆಗಳ ಸಿದ್ದಿಯರನ್ನು ನೋಡಬಹುದು. ಅವರ ಪೂರ್ವಿಕರು ಆಫ್ರಿಕದಿಂದ ಬಂದವರು. ಅನೇಕರು ಪೋರ್ಚುಗೀಸರ ಗೋವೆಗೆ ಗುಲಾಮರಾಗಿ ತರಲ್ಪಟ್ಟವರು. ಈಗ ಅವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಉಂಟು. ಕೊಂಕಣಿ ಕನ್ನಡಗಳು ಅವರ ಮಾತು. ನಡೆ ನುಡಿಗಳಿಂದ ಅವರು ಈ ನೆಲದವರೇ. ಆದರೂ ಅಪರಿಚಿತನ ಕಣ್ಣು ಮೊದಲು ಅವರ ಬಣ್ಣವನ್ನೂ ಕೂದಲನ್ನೂ ಕಂಡು ಅವರನ್ನು ಹೊರಗಿನವರೆಂದು ಎಣಿಸುತ್ತದೆ. 2003ರಲ್ಲಿ ಅವರು ಪರಿಶಿಷ್ಟ ಪಂಗಡಗಳ ಪಟ್ಟಿಯನ್ನು ಸೇರಿದರು. ದೇಹಶಾಸ್ತ್ರದಲ್ಲಿ ನಿಲ್ಲದ ವಿಭಾಗವು ಸಮಾಜದಲ್ಲಿ ಹೀಗೆ ನಿಂತು, ಜನರ ಬಾಳನ್ನು ನಿಯಮಿಸುತ್ತದೆ.

ಆದುದರಿಂದ ಕನ್ನಡದ ಶಾಸ್ತ್ರಗ್ರಂಥಗಳಲ್ಲಿ 'ದೇಹವರ್ಗ', 'ಸಮುದಾಯ' ಎಂಬ ಎರಡು ಶಬ್ದಗಳನ್ನು ಬೇರೆಬೇರೆಯಾಗಿ ಬಳಸುವುದು ಯುಕ್ತ. ಭೂಪಟದಲ್ಲಿ ಜನರ ನಡುವೆ ಗೆರೆ ಕಂಡಾಗ, ಅದನ್ನು ಯಾರು ಎಳೆದರು, ಯಾವ ಪ್ರಯೋಜನಕ್ಕಾಗಿ ಎಳೆದರು ಎಂದು ಮೊದಲು ಕೇಳತಕ್ಕದ್ದು. ರಿಸ್ಲೀಯು ಕೇಳದೆ ಬಿಟ್ಟ ಪ್ರಶ್ನೆ ಇದೇ.