ಮೈಸೆಲ್‌ಗಳ ಆಕಾರ: ಒಂದು ಸಾಕ್ಷ್ಯವಿಮರ್ಶೆ

ಗತಕಾಲವು ಕಣ್ಣಿಗೆ ಕಾಣುವುದಿಲ್ಲ. ಅದು ಉಳಿಸಿದ ಗುರುತುಗಳಿಂದಲೇ ಅದನ್ನು ಊಹಿಸಬೇಕು. ಸಾಬೂನು ಮೊದಲಾದ ದ್ರವ್ಯಗಳ ಅಣುಗಳು ನೀರಿನಲ್ಲಿ ಒಟ್ಟುಗೂಡಿ ರಚಿಸುವ ಮೈಸೆಲ್‌ಗಳೆಂಬ ಗುಂಪುಗಳ ವಿಷಯವೂ ಹಾಗೆಯೇ. ಅವುಗಳ ಆಕಾರವು ನಿರ್ಣಯವಾದ ಬಗೆಯನ್ನು ಚರಿತ್ರಕಾರನ ದೃಷ್ಟಿಯಿಂದ ಇಲ್ಲಿ ಪರಿಶೀಲಿಸುತ್ತೇವೆ.

ಬ್ರಿಸ್ಟಲ್ ನಗರದಲ್ಲಿದ್ದ ಮೆಕ್‌ಬೇನ್ ಅವರು 1913ರಲ್ಲಿ ಇಂಥ ಗುಂಪುಗಳ ಇರವನ್ನು ಸೂಚಿಸಿದರು. ಅವು ಗೋಳಾಕಾರವೆಂದು ಹಾರ್ಟ್ಲಿ ಅವರು 1936ರಲ್ಲಿ ವಾದಿಸಿದರು. ಆ ದಶಕದಲ್ಲಿಯೇ ಸಾಂದ್ರ ಸಾಬೂನು ದ್ರಾವಣಗಳ ಕ್ಷ-ಕಿರಣಚಿತ್ರಗಳಲ್ಲಿ ಮೂಡಿದ ಉಂಗುರಗಳನ್ನು ಕೆಲವರು ಪದರಗಳ ಗುರುತೆಂದು ಓದಿದರು. ಆದರೆ ಉಂಗುರವು ಸೂಚಿಸುವ ಅಂತರವು ದ್ರಾವಣವನ್ನು ತೆಳುಮಾಡಿದಂತೆ ಹೆಚ್ಚುತ್ತಿತ್ತು. ಅದು ಮೈಸೆಲ್ ಮೈಸೆಲ್‌ಗಳ ನಡುವಣ ದೂರವೆಂಬ ಅರ್ಥವು ಆಮೇಲೆ ಬಲಗೊಂಡಿತು. ಚಿತ್ರ ಅದೇ ಇದ್ದು, ಓದು ಮಾತ್ರ ಬದಲಾಯಿತು.

ಡಿಬೈ ಮತ್ತು ಅನಾಕರ್ ಅವರ 1951ರ ಪ್ರಬಂಧದ ಹಿರಿಮೆ ಈ ಹಿನ್ನೆಲೆಯಲ್ಲಿ ಸ್ಪಷ್ಟವಾಗುತ್ತದೆ. ಪೊಟ್ಯಾಸಿಯಂ ಬ್ರೋಮೈಡ್ ಬೆರೆತ ಹೆಕ್ಸಾಡೆಸೈಲ್ ಟ್ರೈಮೀಥೈಲ್ ಅಮೋನಿಯಂ ಬ್ರೋಮೈಡಿನ ದ್ರಾವಣದಲ್ಲಿ ಬೆಳಕಿನ ಚದರಿಕೆಯನ್ನಳೆದು, ಮೈಸೆಲ್‌ನ ತೂಕ ಹಾಗೂ ಗಾತ್ರಗಳೆಂಬ ಎರಡು ಸಾಕ್ಷ್ಯಗಳನ್ನು ಅವರು ಎದುರುಬದುರಾಗಿ ನಿಲ್ಲಿಸಿದರು. ಅಷ್ಟು ದೊಡ್ಡ ಗೋಳಕ್ಕೆ ಆ ತೂಕ ಸಾಲದು. ಕೋಲಿಗಾದರೆ ಎರಡೂ ಹೊಂದುತ್ತವೆ.

ಬೆಳಕಿನ ಅಲೆಯುದ್ದ ಕೆಲವು ನೂರು ನ್ಯಾನೋಮೀಟರು; ಕೋಲಿನ ದಪ್ಪ ಕೇವಲ 4-5. ಈ ದಪ್ಪವನ್ನು ಅಳೆಯಲು ಕ್ಷ-ಕಿರಣ ಅಥವಾ ನ್ಯೂಟ್ರಾನುಗಳ ಅಲ್ಪಕೋನ ಚದರಿಕೆಯು ನೆರವಾಯಿತು. ನ್ಯೂಟ್ರಾನ್ ಪ್ರಯೋಗದಲ್ಲಿ ನೀರಿಗೆ ಬದಲು ಭಾರಜಲವನ್ನು ಬಳಸಿದರೆ ಹೈಡ್ರೋಜನ್ ಭರಿತವಾದ ಮೈಸೆಲ್ ಎದ್ದು ತೋರುತ್ತದೆ. ನೀಳವಾದ ಕೋಲುಗಳಿದ್ದಲ್ಲಿ, ಅಲ್ಪಕೋನಗಳ ಒಂದು ಹರವಿನಲ್ಲಿ, ತೀವ್ರತೆಯು ಕೋನಕ್ಕೆ ವಿಲೋಮಾನುಪಾತದಲ್ಲಿ ಇಳಿಯುತ್ತದೆ.

ಇಲ್ಲಿ ನಮ್ಮ ಆಕ್ಷೇಪವೊಂದುಂಟು. ಉಪಕರಣವು ತಲುಪಬಲ್ಲ ಅತ್ಯಲ್ಪ ಕೋನದವರೆಗೂ ಈ ನಿಯಮವೇ ಮುಂದುವರಿದರೆ, ಕೋಲು ಒಂದು ಮಿತಿಗಿಂತ ಉದ್ದವಾಗಿದೆಯೆಂದಷ್ಟೇ ಹೇಳಬಹುದು. ಆಗಲೂ ಉದ್ದಕ್ಕೆ ಖಚಿತವಾದ ಅಂಕಿಯನ್ನು ಕೊಡುವುದು, ಶಾಸನದ ಒಡೆದ ಸಾಲನ್ನು ಊಹೆಯಿಂದ ತುಂಬಿ, ಆವರಣಚಿಹ್ನೆಯಿಲ್ಲದೆ ಅಚ್ಚುಹಾಕಿದಂತೆ. ಅಲ್ಲದೆ, ನಾನಾ ಗಾತ್ರದ ಗೋಳಗಳ ಮಿಶ್ರಣವೂ ತುಸು ನೀಳವಾದ ಕಾಯಗಳೂ ಬಹುಮಟ್ಟಿಗೆ ಒಂದೇ ಬಗೆಯ ರೇಖೆಯನ್ನು ನೀಡಬಲ್ಲವು. ಸಂಶೋಧಕನು ಯಾವ ಮಾದರಿಯಿಂದ ಹೊರಟನೋ ಅದೇ ಮಾದರಿ ಫಲಿತಾಂಶವಾಗಿ ಮರಳುವ ಅಪಾಯವಿದು.

ಘನೀಭವಿಸಿದ ದ್ರಾವಣದ ತೆಳುಪೊರೆಯಲ್ಲಿ ದಾರದಂಥ ಮೈಸೆಲ್‌ಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಮುಂದೆ ತೋರಿಸಿದಾಗ, ನೀಳ ಮೈಸೆಲ್‌ಗಳ ಇರವಿಗೆ ಸ್ವತಂತ್ರ ಸಾಕ್ಷ್ಯ ದೊರೆಯಿತು. ಆದುದರಿಂದ ಚದರಿಕೆಯ ರೇಖೆಯೊಂದನ್ನೇ ನೆಚ್ಚಿ ಆಕಾರವು ಸಿದ್ಧವಾಯಿತೆಂದು ಸಾರುವ ಬದಲು, ಆ ರೇಖೆಯು ಯಾವ ಆಕಾರಗಳನ್ನು ತಳ್ಳಿಹಾಕಿತು, ಯಾವುವನ್ನು ಉಳಿಸಿತು ಎಂಬುದನ್ನು ಲೇಖಕರು ಮೊದಲು ಹೇಳುವುದು ಯುಕ್ತವೆಂದು ನಾವು ಭಾವಿಸುತ್ತೇವೆ.